ಹಳೆಯ ಇಮೇಲ್ ಖಾತೆಯಲ್ಲಿ ಕದಿಯೋಕೆ ಏನಿದೆ?

ಸಿದ್ಧಾರ್ಥನಗರದ ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಕಂಪ್ಯೂಟರ್ ನಿಧಾನವಾದರೆ, ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೆ, ನುಡಿಯಲ್ಲಿ ಟೈಪ್ ಮಾಡಿದ ಪತ್ರ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ನನಗೊಂದು ಫೋನ್ ಬರುತ್ತದೆ. ಹೆಚ್ಚಿನವು ಹತ್ತು ನಿಮಿಷದ ಕೆಲಸ. ಈ ಸಲದ್ದು ಹಾಗಿರಲಿಲ್ಲ.

ನಂಜನಗೂಡಿನಲ್ಲಿರುವ ಅವರ ಹಳೆಯ ಸಹೋದ್ಯೋಗಿಗೆ ಮೇಷ್ಟ್ರ ಹೆಸರಿನಲ್ಲಿ ಒಂದು ಇಮೇಲ್ ಹೋಗಿತ್ತು. ಊಟಿಗೆ ಬಂದವನು ಆಸ್ಪತ್ರೆ ಸೇರಿದ್ದೇನೆ, ಫೋನ್ ಕಳೆದುಹೋಗಿದೆ, ಈ ನಂಬರಿಗೆ 15 ಸಾವಿರ ಕಳಿಸಿ, ಊರಿಗೆ ಬಂದ ತಕ್ಷಣ ಕೊಡುತ್ತೇನೆ ಅಂತ. ಅವರು ಹಿಂದೆಮುಂದೆ ನೋಡದೆ ಕಳಿಸಿಬಿಟ್ಟರು. ಮರುದಿನ ಮನೆಯವರನ್ನಾದರೂ ವಿಚಾರಿಸೋಣ ಎಂದು ಲ್ಯಾಂಡ್‌ಲೈನಿಗೆ ಕರೆ ಮಾಡಿದರೆ ಫೋನ್ ಎತ್ತಿಕೊಂಡವರು ಮೇಷ್ಟ್ರೇ.

"ಆ ಮೇಲ್ ಐಡಿ ನಾನು ತೆಗೆದು ನೋಡಿ ನಾಲ್ಕು ವರ್ಷ ಆಯ್ತಲ್ಲಮ್ಮ," ಅಂದರು ನನಗೆ. "ಕದಿಯೋಕೆ ಅದರಲ್ಲಿ ಏನಿದೆ?"

ಈ ಮಾತನ್ನು ನಾನು ಬೇರೆ ಬೇರೆ ವಯಸ್ಸಿನವರಿಂದ ಕೇಳಿದ್ದೇನೆ. ಹಳೆಯ ಇಮೇಲ್ ಎಂದರೆ ಬೀಗ ಹಾಕಿಟ್ಟ ಖಾಲಿ ಮನೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ಆ ಮನೆ ಖಾಲಿ ಇಲ್ಲ, ಉಳಿದ ಮನೆಗಳ ಬೀಗದ ಕೈಗಳೆಲ್ಲ ನೇತಾಡುತ್ತಿರುವುದು ಅಲ್ಲೇ.

ಪತ್ರದ ಡಬ್ಬಿ ಬೀಗದ ಕೈಯಾದದ್ದು

ಹಾಟ್‌ಮೇಲ್ ಶುರುವಾದದ್ದು ಜುಲೈ 1996ರಲ್ಲಿ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಓದಿದ ಶಾಲೆಗಳಲ್ಲಿ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕೂಡ ಒಂದು. ಆಮೇಲೆ ಯಾಹೂ ಮೇಲ್, ರೆಡಿಫ್‌ಮೇಲ್, 2004ರಲ್ಲಿ ಜಿಮೇಲ್ ಬಂದವು. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು, ಅಮೆರಿಕದಲ್ಲಿದ್ದ ಮಗನಿಗೆ ಎರಡು ಸಾಲು ಬರೆಯಲು ಖಾತೆ ತೆರೆದ ಕಾಲ ಅದು. ಆಗ ಇಮೇಲ್ ಎಂದರೆ ನಿಜಕ್ಕೂ ಪತ್ರದ ಡಬ್ಬಿ ಮಾತ್ರ. ಹುಟ್ಟಿದ ವರ್ಷವನ್ನೇ ಪಾಸ್‌ವರ್ಡ್ ಮಾಡಿಕೊಂಡರೂ ದೊಡ್ಡ ನಷ್ಟವೇನೂ ಇರಲಿಲ್ಲ.

ಆಮೇಲೆ ನಮಗೆ ಗೊತ್ತೇ ಆಗದ ಹಾಗೆ ಅದೇ ವಿಳಾಸವನ್ನು ಎಲ್ಲ ಕಡೆ ಕೊಡುತ್ತಾ ಹೋದೆವು. ಬ್ಯಾಂಕ್ ಅರ್ಜಿಯಲ್ಲಿ, ಎಲ್‌ಐಸಿ ಪಾಲಿಸಿಯಲ್ಲಿ, ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ, ಡಿಮ್ಯಾಟ್ ಖಾತೆಯಲ್ಲಿ, ಫೇಸ್‌ಬುಕ್‌ನಲ್ಲಿ. ಈಗ ಇವುಗಳಲ್ಲಿ ಯಾವುದರ ಪಾಸ್‌ವರ್ಡ್ ಮರೆತರೂ ನೀವು ಒತ್ತುವುದು 'ಪಾಸ್‌ವರ್ಡ್ ಮರೆತಿದ್ದೀರಾ?' ಎಂಬ ಗುಂಡಿಯನ್ನು. ಬಹಳ ಕಡೆ ಹೊಸ ಪಾಸ್‌ವರ್ಡ್ ಹಾಕಿಕೊಳ್ಳುವ ಕೊಂಡಿ ಬಂದು ಬೀಳುವುದು ಇಮೇಲಿಗೆ. ಅಂದರೆ ಇಮೇಲ್ ಯಾರ ಕೈಯಲ್ಲಿದೆಯೋ ಅವರೇ ನೀವು. ಬ್ಯಾಂಕಿನಂಥ ಕಡೆ ಮೊಬೈಲಿಗೂ ಒಟಿಪಿ ಬರುತ್ತದೆ, ನಿಜ. ಎಲ್ಲ ಕಡೆಯೂ ಬರುವುದಿಲ್ಲ.

ಮೇಷ್ಟ್ರ ಹೊಸ ಇಮೇಲ್ ಖಾತೆಯನ್ನು ತೆರೆದು ನೋಡಿದಾಗ ನನಗೆ ಗಾಬರಿಯಾದದ್ದು ಇದೇ ಕಾರಣಕ್ಕೆ. ಪಾಸ್‌ವರ್ಡ್ ಮರೆತರೆ ಸಹಾಯಕ್ಕೆ ಇರಲಿ ಎಂದು ಅವರು ಕೊಟ್ಟಿದ್ದ ರಿಕವರಿ ವಿಳಾಸ ಯಾವುದು? ಕಳುವಾದ ಆ ಹಳೆಯ ಐಡಿ! ಕಳ್ಳರಿಗೆ ಇನ್ನೂ ಎರಡು ದಿನ ಸಿಕ್ಕಿದ್ದರೆ ಪಿಂಚಣಿಯ ಮೆಸೇಜು ಬರುವ ಖಾತೆಯೂ ಹೋಗಿರುತ್ತಿತ್ತು. ಹಳೆಯ ಮೇಲ್‌ಗಳ ಒಳಗೆ ಪ್ಯಾನ್ ಕಾರ್ಡಿನ ಸ್ಕ್ಯಾನ್, ಸೈಟಿನ ಕಾಗದಪತ್ರ, ಮಗನ ಪಾಸ್‌ಪೋರ್ಟ್ ಪ್ರತಿ, ನೂರಾರು ಜನರ ವಿಳಾಸಗಳು ಇದ್ದವು. ಕದಿಯೋಕೆ ಇದ್ದದ್ದು ಇಷ್ಟೂ.

ಒಳಗೆ ಹೋದದ್ದು ಹೇಗೆ?

ಹ್ಯಾಕಿಂಗ್ ಅಂದ ಕೂಡಲೇ ಕತ್ತಲೆ ಕೋಣೆಯಲ್ಲಿ ಕೂತು ಟಕಟಕ ಟೈಪ್ ಮಾಡುವವನ ಚಿತ್ರ ಕಣ್ಣಿಗೆ ಬರುತ್ತದೆ. ಬಹುತೇಕ ಸಲ ನಡೆಯುವುದು ಅದಕ್ಕಿಂತ ಬಹಳ ಸಪ್ಪೆ ಕೆಲಸ. ಯಾವುದೋ ಒಂದು ಕಂಪನಿಯಿಂದ ಇಮೇಲ್ ಮತ್ತು ಪಾಸ್‌ವರ್ಡ್‌ಗಳ ಪಟ್ಟಿ ಸೋರಿಕೆಯಾಗುತ್ತದೆ. ಆ ಪಟ್ಟಿಯನ್ನು ಕೊಂಡವರು ಅದರಲ್ಲಿರುವ ಜೋಡಿಗಳನ್ನು ಬೇರೆ ಬೇರೆ ತಾಣಗಳಲ್ಲಿ ಯಂತ್ರದ ಮೂಲಕ ಹಾಕಿ ನೋಡುತ್ತಾರೆ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟುಕೊಂಡವರ ಬಾಗಿಲು ತೆರೆದುಕೊಳ್ಳುತ್ತದೆ. ನಿಮ್ಮ ಮೇಲೆ ಯಾರಿಗೂ ವೈಯಕ್ತಿಕ ದ್ವೇಷ ಬೇಕಾಗಿಲ್ಲ, ನೀವು ಶ್ರೀಮಂತರಾಗಿರಬೇಕಾಗಿಯೂ ಇಲ್ಲ.

ಸೋರಿಕೆ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಯಾಹೂ ಉದಾಹರಣೆ ಸಾಕು. 2013ರ ಆಗಸ್ಟ್‌ನಲ್ಲಿ ನಡೆದ ಕಳುವಿನ ಬಗ್ಗೆ ಕಂಪನಿ ಬಾಯಿಬಿಟ್ಟದ್ದು 2016ರ ಡಿಸೆಂಬರಿನಲ್ಲಿ. ಆಗ ನೂರು ಕೋಟಿ ಖಾತೆಗಳು ಎಂದಿತ್ತು. 2017ರ ಅಕ್ಟೋಬರಿನಲ್ಲಿ ಲೆಕ್ಕ ತಿದ್ದಿ, ಆಗ ಇದ್ದ ಎಲ್ಲ ಮುನ್ನೂರು ಕೋಟಿ ಖಾತೆಗಳೂ ಎಂದಿತು. ಹೆಸರು, ಫೋನ್ ನಂಬರ್, ಹುಟ್ಟಿದ ದಿನ, ಗೂಢರೂಪದಲ್ಲಿದ್ದ ಪಾಸ್‌ವರ್ಡ್ ಮಾತ್ರವಲ್ಲ, ಕೆಲವರ ಭದ್ರತಾ ಪ್ರಶ್ನೆ ಮತ್ತು ಉತ್ತರಗಳೂ ಅದರಲ್ಲಿದ್ದವು. ನಿಮ್ಮ ವಿಳಾಸ ಇಂಥ ಯಾವುದಾದರೂ ಪಟ್ಟಿಯಲ್ಲಿದೆಯೇ ಎಂದು ಟ್ರಾಯ್ ಹಂಟ್ ಎಂಬ ಭದ್ರತಾ ತಜ್ಞರು 2013ರಲ್ಲಿ ಶುರುಮಾಡಿದ 'ಹ್ಯಾವ್ ಐ ಬೀನ್ ಪೋನ್ಡ್' ತಾಣದಲ್ಲಿ ಉಚಿತವಾಗಿ ನೋಡಬಹುದು. ಅಲ್ಲಿ ಇಮೇಲ್ ವಿಳಾಸ ಕೊಟ್ಟರೆ ಸಾಕು. ನಿಮ್ಮ ಮೇಲ್‌ನ ಪಾಸ್‌ವರ್ಡ್ ಕೇಳುವ 'ಪರೀಕ್ಷಾ' ತಾಣ ಯಾವುದೇ ಇದ್ದರೂ ಅದು ಮೋಸದ್ದು.

ಭದ್ರತಾ ಪ್ರಶ್ನೆಗಳ ಬಗ್ಗೆ ಒಂದು ಮಾತು. ನೀವು ಹುಟ್ಟಿದ ಊರು ಯಾವುದು ಎಂದು ಕೇಳುತ್ತಾರೆ. ನಮ್ಮ ಮೈಸೂರು ಕಡೆ ಹೆಸರಿನ ಮೊದಲ ಇನಿಷಿಯಲ್ಲೇ ಊರಿನದ್ದು, ಮನೆಯ ಮುಂದಿನ ಬೋರ್ಡಿನಲ್ಲೇ ಅರ್ಧ ಉತ್ತರ ಬರೆದಿರುತ್ತದೆ! ಮೊದಲ ಶಾಲೆ ಯಾವುದೆಂದು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆಲ್ಲ ಗೊತ್ತು. ಇಂಥ ಪ್ರಶ್ನೆಗೆ ನಿಜ ಉತ್ತರ ಕೊಡಬೇಕೆಂಬ ನಿಯಮವೇನೂ ಇಲ್ಲ. ಹುಟ್ಟಿದ ಊರು 'ಹುಳಿಯನ್ನ ಉಪ್ಪಿನಕಾಯಿ' ಎಂದು ಬರೆದು, ಅದನ್ನೊಂದು ಕಡೆ ಗುರುತು ಹಾಕಿಟ್ಟುಕೊಳ್ಳಿ.

ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು ಎಂಬುದೂ ಹಳೆಯ ನಂಬಿಕೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ, ಸೋರಿಕೆಯಾದ ಸುಳಿವಿಲ್ಲದೆ ಸುಮ್ಮನೆ ಅವಧಿಗೊಮ್ಮೆ ಬದಲಿಸುವಂತೆ ಒತ್ತಾಯಿಸಬಾರದು ಎಂದಿತು. ಹಾಗೆ ಒತ್ತಾಯಿಸಿದರೆ ಜನ ಕೊನೆಯ 1ನ್ನು 2 ಮಾಡುತ್ತಾರೆ, ಅಷ್ಟೆ. ಒಂದೊಂದು ಖಾತೆಗೂ ಬೇರೆ ಬೇರೆ ಉದ್ದನೆಯ ಪಾಸ್‌ವರ್ಡ್ ಇಡುವುದರಿಂದ ಆಗುವ ಪ್ರಯೋಜನ ಹೆಚ್ಚು. ನೆನಪಿರುವುದಿಲ್ಲ ಎನ್ನುವವರು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಟ್ಟರೂ ನನ್ನ ಆಕ್ಷೇಪವಿಲ್ಲ. ಈ ಮಾತಿಗೆ ನನ್ನ ಕೆಲವು ಸ್ನೇಹಿತರು ಮುಖ ಸಿಂಡರಿಸುತ್ತಾರೆ. ಆದರೆ ದೂರದಲ್ಲೆಲ್ಲೋ ಕೂತ ಕಳ್ಳನಿಗೆ ನಿಮ್ಮ ಬೀರು ಸಿಗುವುದಿಲ್ಲವಲ್ಲ.

ಕೈಬಿಟ್ಟ ಮೊಬೈಲ್ ನಂಬರ್

ಖಾತೆಯನ್ನು ವಾಪಸ್ ಪಡೆಯಲು ಹೋದಾಗ ನಮಗೆ ಎದುರಾದದ್ದು ಇನ್ನೊಂದು ಗೋಡೆ. ಒಟಿಪಿ ಕಳಿಸುತ್ತೇವೆ ಎಂದು ತೋರಿಸಿದ ಮೊಬೈಲ್ ನಂಬರನ್ನು ಮೇಷ್ಟ್ರು ಯಾವತ್ತೋ ಬಿಟ್ಟಿದ್ದರು. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಸತ್ತುಹೋಗುವುದಿಲ್ಲ, ಬೇರೆಯವರಿಗೆ ಹೋಗುತ್ತದೆ. ಈ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಸ್ಥಗಿತಗೊಂಡ ನಂಬರನ್ನು ಕನಿಷ್ಠ 90 ದಿನಗಳ ಕಾಲ ಹೊಸಬರಿಗೆ ಕೊಡುವುದಿಲ್ಲ ಎಂದು ಟ್ರಾಯ್ ತಿಳಿಸಿತು. ಅಷ್ಟರೊಳಗೆ ತನ್ನ ಮಾಹಿತಿಯನ್ನು ಕಾಪಾಡಿಕೊಳ್ಳುವುದು ಹಳೆಯ ಗ್ರಾಹಕರ ಜವಾಬ್ದಾರಿ ಎಂದು ನ್ಯಾಯಾಲಯ 2023ರ ನವೆಂಬರಿನಲ್ಲಿ ಹೇಳಿತು. ಅಂದರೆ ನೀವು ಬಿಟ್ಟ ಸಿಮ್‌ನ ನಂಬರ್ ಇವತ್ತು ಯಾರದೋ ಜೇಬಿನಲ್ಲಿದ್ದು, ನಿಮ್ಮ ಒಟಿಪಿ ಅವರಿಗೆ ಹೋಗುತ್ತಿರಬಹುದು. ನಂಬರ್ ಬದಲಿಸುವವರು ಬ್ಯಾಂಕಿಗೆ ಹೋಗಿ ಹೇಳಿಬರುತ್ತಾರೆ, ಇಮೇಲ್‌ನಲ್ಲಿ ಬದಲಿಸುವುದು ಮಾತ್ರ ನೆನಪಾಗುವುದಿಲ್ಲ.

ಕೊನೆಗೆ ನೆರವಿಗೆ ಬಂದದ್ದು ಮೊಮ್ಮಗಳು ಕಾರ್ಟೂನ್ ನೋಡುವ ಹಳೆಯ ಟ್ಯಾಬ್. ಅದರಲ್ಲಿ ಅದೇ ಖಾತೆ ಲಾಗಿನ್ ಆಗಿಯೇ ಇತ್ತು. ನಾಲ್ಕು ವರ್ಷ ಮೇಲ್ ತೆಗೆಯದಿದ್ದರೂ ಖಾತೆ ಜೀವಂತ ಉಳಿದಿದ್ದು ಬಹುಶಃ ಅದರಿಂದಲೇ. ಖಾತೆ ಮರಳಿ ಕೇಳುವಾಗ ಕಂಪನಿಗಳು ನಾವು ಮೊದಲಿನಿಂದ ಬಳಸುತ್ತಿದ್ದ ಸಾಧನ, ಜಾಗ ಮತ್ತು ನೆನಪಿರುವ ಹಳೆಯ ಪಾಸ್‌ವರ್ಡ್‌ಗೆ ಬೆಲೆ ಕೊಡುತ್ತವೆ. ಆದ್ದರಿಂದ ಗಾಬರಿಯಲ್ಲಿ ಸೈಬರ್ ಸೆಂಟರಿಗೆ ಓಡಿಹೋಗಿ ಪ್ರಯತ್ನಿಸುವುದಕ್ಕಿಂತ ಮನೆಯ ವೈಫೈನಲ್ಲಿ, ಹಳೆಯ ಫೋನು ಅಥವಾ ಟ್ಯಾಬಿನಿಂದ ಪ್ರಯತ್ನಿಸುವುದು ಮೇಲು. ನಮಗೆ ಎರಡನೆಯ ಪ್ರಯತ್ನದಲ್ಲಿ ಸಿಕ್ಕಿತು.

ಹಾಗಾದರೆ ಮುಚ್ಚಿಬಿಡೋಣವೇ?

ಮೇಷ್ಟ್ರು ಕೇಳಿದ ಎರಡನೆಯ ಪ್ರಶ್ನೆ ಇದು. ಅವಸರ ಬೇಡ ಅಂದೆ.

ಬಿಟ್ಟರೆ ತಾನಾಗಿ ಮುಚ್ಚಿಹೋಗುವ ಕಾಲವೂ ಈಗ ಬಂದಿದೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವುದಾಗಿ ಗೂಗಲ್ 2023ರ ಮೇ ತಿಂಗಳಲ್ಲಿ ಪ್ರಕಟಿಸಿ, ಅದೇ ಡಿಸೆಂಬರಿನಿಂದ ಜಾರಿಗೆ ತಂದಿತು. ಮೇಲ್ ಮಾತ್ರವಲ್ಲ, ಅದರಲ್ಲಿರುವ ಫೋಟೋಗಳೂ ಹೋಗುತ್ತವೆ. ಮೈಕ್ರೋಸಾಫ್ಟ್ ಕೂಡ ಎರಡು ವರ್ಷಕ್ಕೊಮ್ಮೆಯಾದರೂ ಲಾಗಿನ್ ಆಗಬೇಕೆನ್ನುತ್ತದೆ. ಯಾಹೂ ಕೊಡುವ ಗಡುವು ಹನ್ನೆರಡು ತಿಂಗಳು.

ಮುಚ್ಚಿದ ವಿಳಾಸ ಮುಂದೆ ಏನಾಗುತ್ತದೆ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಅಳಿಸಿದ ಜಿಮೇಲ್ ಹೆಸರನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ ಎಂದು ಗೂಗಲ್ ಹೇಳುತ್ತದೆ. ಯಾಹೂ 2013ರಲ್ಲಿ ವರ್ಷದಿಂದ ಬಳಸದ ಐಡಿಗಳನ್ನು ಬೇರೆಯವರಿಗೆ ಹಂಚಿತ್ತು. ಹೊಸದಾಗಿ ಐಡಿ ಪಡೆದ ಕೆಲವರಿಗೆ ಹಳೆಯ ಯಜಮಾನರ ಖಾಸಗಿ ಮೇಲ್‌ಗಳು ಬರತೊಡಗಿ ದೊಡ್ಡ ಗಲಾಟೆಯಾಯಿತು. ಹಾಗಾಗಿ ನನ್ನ ಅಭಿಪ್ರಾಯ: ಒಂದು ಕಾಲಕ್ಕೆ ಎಲ್ಲ ಕಡೆ ಕೊಟ್ಟಿದ್ದ ವಿಳಾಸವನ್ನು ಅಳಿಸುವುದಕ್ಕಿಂತ ಗಟ್ಟಿ ಬೀಗ ಹಾಕಿ ಇಟ್ಟುಕೊಳ್ಳುವುದೇ ಒಳ್ಳೆಯದು. ಸಂಕ್ರಾಂತಿಗೊಮ್ಮೆ, ದಸರಾಕ್ಕೊಮ್ಮೆ ಲಾಗಿನ್ ಆದರೆ ಸಾಕು.

ಅದಕ್ಕೆ ಮೊದಲು ಮೇಲ್‌ನ ಹುಡುಕುವ ಜಾಗದಲ್ಲಿ ವೆಲ್‌ಕಮ್, ವೆರಿಫೈ, ಸ್ಟೇಟ್‌ಮೆಂಟ್, ಪಾಲಿಸಿ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿ. ಯಾವ ಯಾವ ಸೇವೆಗೆ ಈ ವಿಳಾಸ ಕೊಟ್ಟಿದ್ದಿರಿ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮುಖ್ಯವಾದವುಗಳಲ್ಲಿ ಹೊಸ ವಿಳಾಸ ಕೊಡಿ. ಗುರುತಿನ ಚೀಟಿಗಳ ಸ್ಕ್ಯಾನ್‌ಗಳನ್ನು ಇಳಿಸಿಕೊಂಡು ಅಲ್ಲಿಂದ ತೆಗೆಯಿರಿ, ಟ್ರ್ಯಾಶ್‌ನಿಂದಲೂ. ಎರಡು ಹಂತದ ಪರಿಶೀಲನೆ ಹಾಕಿ. ಆಗ ಸಿಗುವ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಪಾಸ್‌ಬುಕ್ ಜೊತೆ ಇಡಿ, ಫೋನ್ ಕಳೆದಾಗ ಅವೇ ಗತಿ.

ಕಾಲೇಜು ಹುಡುಗ ಹುಡುಗಿಯರಿಗೂ ಇದು ಅನ್ವಯಿಸುತ್ತದೆ. ಸಿಇಟಿ ಅರ್ಜಿಗೋ ವಿದ್ಯಾರ್ಥಿವೇತನಕ್ಕೋ ಜೆರಾಕ್ಸ್ ಅಂಗಡಿಯವರು ಅವಸರದಲ್ಲಿ ಮಾಡಿಕೊಟ್ಟ ಐಡಿ ಇದ್ದರೆ, ಅದರ ಪಾಸ್‌ವರ್ಡ್ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿರಬಹುದು. ಈವತ್ತೇ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ.

ಖಾತೆ ಮುಚ್ಚುತ್ತದೆ ಎಂಬ ಬೆದರಿಕೆ

ಈ ನಿಯಮಗಳು ಬಂದ ಮೇಲೆ ಮೋಸಗಾರರಿಗೂ ಒಂದು ಹೊಸ ನೆಪ ಸಿಕ್ಕಿದೆ. 'ನಿಮ್ಮ ಖಾತೆ 24 ಗಂಟೆಯಲ್ಲಿ ಮುಚ್ಚಲಿದೆ, ಇಲ್ಲಿ ಒತ್ತಿ' ಎಂಬ ಮೇಲ್ ಬಂದರೆ ಕೊಂಡಿ ಒತ್ತಬೇಡಿ, ಬ್ರೌಸರಿನಲ್ಲಿ ನೀವೇ ವಿಳಾಸ ಟೈಪ್ ಮಾಡಿ ಲಾಗಿನ್ ಆಗಿ ನೋಡಿ. ಕಳಿಸಿದವರ ಹೆಸರನ್ನು ನೋಡಿ ನಂಬುವಂತಿಲ್ಲ. ಇಮೇಲ್ ಕಳಿಸುವ ಮೂಲ ವ್ಯವಸ್ಥೆ 1982ರದ್ದು. ಇನ್‌ಲ್ಯಾಂಡ್ ಪತ್ರದ ಹಿಂದೆ 'ಇಂದ' ಎಂಬಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಿತ್ತಲ್ಲ, ಅದೂ ಹಾಗೆಯೇ. ಆಮೇಲೆ ತಪಾಸಣೆಗಳು ಸೇರಿದವು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಗಟಾಗಿ ಮೇಲ್ ಕಳಿಸುವವರಿಗೆ ಅವನ್ನು ಕಡ್ಡಾಯ ಮಾಡಿವೆ. ಆದರೆ ಮೇಷ್ಟ್ರ ಪ್ರಕರಣದಲ್ಲಿ ಮೇಲ್ ಹೋದದ್ದು ಅವರ ನಿಜವಾದ ಖಾತೆಯಿಂದಲೇ. ಅಂಥದ್ದನ್ನು ಯಾವ ತಪಾಸಣೆಯೂ ಹಿಡಿಯುವುದಿಲ್ಲ, ಒಂದು ಫೋನ್ ಕರೆ ಹಿಡಿಯುತ್ತದೆ.

ಕೊಂಡಿಯ ವಿಳಾಸ ಓದುವಾಗ ಮನೆ ವಿಳಾಸದ ಹಾಗೆ ಕೊನೆಯಿಂದ ಓದಿ. ಮೊದಲ ಒಂಟಿ ಗೀಟಿನ ಹಿಂದೆ ಇರುವ ಭಾಗವೇ ನಿಜವಾದ ಊರು. ಬ್ಯಾಂಕಿನ ಹೆಸರು ಶುರುವಿನಲ್ಲಿದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಬ್ಯಾಂಕಿನದ್ದಲ್ಲ. ನಮ್ಮ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದ್ದರಿಂದ ಈ ಗುರುತು ಹಿಡಿಯುವ ಕೆಲಸ ಈಗ ಸುಲಭವಾಗಿದೆ.

ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು. ಹಣ ಇನ್ನೂ ಕಳ್ಳರ ಖಾತೆಯಲ್ಲಿದ್ದರೆ ತಡೆಹಿಡಿಯಬಹುದು. ನಂಜನಗೂಡಿನವರು ಕರೆ ಮಾಡುವ ಹೊತ್ತಿಗೆ ಒಂದು ದಿನ ಕಳೆದು, ಹಣ ಮುಂದಕ್ಕೆ ಹೋಗಿಯಾಗಿತ್ತು. ಮೇಷ್ಟ್ರು ತಮ್ಮ ಪಿಂಚಣಿಯಿಂದ ಕೊಡಲು ಹೋದರು, ಅವರು ತೆಗೆದುಕೊಳ್ಳಲಿಲ್ಲ. ಇಬ್ಬರಿಗೂ ಆ ವಿಷಯದಲ್ಲಿ ಸಮಾಧಾನವಿಲ್ಲ.

ಖಾತೆ ಸಿಕ್ಕ ಮೇಲೆ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗುವವರು ಹೆಚ್ಚು. ಅಷ್ಟು ಸಾಲದು, ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಎಂಬ ಎರಡು ಜಾಗ ನೋಡಲೇಬೇಕು. ಬರುವ ಮೇಲ್‌ಗಳ ಪ್ರತಿ ತಮಗೆ ಬರುವ ಹಾಗೆ, ಅಥವಾ ಅವು ನಿಮ್ಮ ಕಣ್ಣಿಗೆ ಬೀಳದ ಹಾಗೆ ಕಳ್ಳರು ನಿಯಮ ಬರೆದಿಟ್ಟಿರುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಅದು ಅಲ್ಲೇ ಇರುತ್ತದೆ. ಮೇಷ್ಟ್ರ ಖಾತೆಯಲ್ಲೂ ಅಂಥದ್ದೊಂದು ಇತ್ತು, ಬಂದ ಉತ್ತರಗಳೆಲ್ಲ ನೇರ ಟ್ರ್ಯಾಶ್‌ಗೆ ಹೋಗುತ್ತಿದ್ದವು. ತೆಗೆದು ನೋಡಿದರೆ ಹನ್ನೊಂದು ಮೇಲ್‌ಗಳು. ಹೆಚ್ಚಿನವು ಅವರ ಹಳೆಯ ವಿದ್ಯಾರ್ಥಿಗಳವು. ಏನಾಯ್ತು ಸಾರ್, ಯಾವ ಆಸ್ಪತ್ರೆ, ಯಾರಿದ್ದಾರೆ ಜೊತೆಗೆ, ಹೊರಟು ಬರಲಾ ಎಂದು ಕೇಳಿದ್ದವು. ಮೇಷ್ಟ್ರು ಅವತ್ತಿನಿಂದ ದಿನಕ್ಕೆರಡರಂತೆ ಎಲ್ಲರಿಗೂ ಉತ್ತರ ಬರೆಯುತ್ತಿದ್ದಾರೆ, ಹೊಸ ಐಡಿಯಿಂದ.