ಕೆಂಪು ಗೆರೆಯೊಳಗಿನ ಮನೆಗಳು: ಚಿಕಾಗೊದ ಒಂದು ಪಾಠ

ಅಮೆರಿಕದ ನಗರಗಳಲ್ಲಿ ಕಪ್ಪು ಜನರ ಬಡಾವಣೆಗಳು ಬಡವಾಗಿಯೇ ಉಳಿದದ್ದೇಕೆ ಎಂದು ಕೇಳಿದರೆ, ಅವರು ದುಡಿಯಲಿಲ್ಲ, ಉಳಿತಾಯ ಮಾಡಲಿಲ್ಲ ಎಂಬ ಉತ್ತರ ಹಲವರಿಂದ ಬರುತ್ತದೆ. ಚಿಕಾಗೊದ ನಾರ್ತ್ ಲಾನ್‌ಡೇಲ್ ಬಡಾವಣೆಯ ಚರಿತ್ರೆ ಬೇರೆಯೇ ಉತ್ತರ ಕೊಡುತ್ತದೆ. ಅಲ್ಲಿನ ಒಂದು ಕಥೋಲಿಕ ಧರ್ಮಕೇಂದ್ರಕ್ಕೂ ಈ ಚರಿತ್ರೆಯಲ್ಲಿ ಸ್ಥಾನವಿದೆ.

ನಕ್ಷೆಯ ಮೇಲಿನ ಬಣ್ಣ

ಆರ್ಥಿಕ ಮಹಾಕುಸಿತದ ಕಾಲದಲ್ಲಿ, 1933ರಲ್ಲಿ, ಅಮೆರಿಕ ಸರಕಾರ ಮನೆಮಾಲೀಕರಿಗೆ ನೆರವಾಗಲು ಒಂದು ಸಾಲ ನಿಗಮವನ್ನು ಸ್ಥಾಪಿಸಿತು. ಅದು 200ಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿ, ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿಸಿತು. ಕೆಂಪು ಎಂದರೆ ಅಪಾಯ. ಕಪ್ಪು ಜನರು ವಾಸಿಸುವ ಪ್ರದೇಶಗಳಿಗೆ ಹೆಚ್ಚಾಗಿ ಸಿಕ್ಕಿದ್ದು ಈ ಬಣ್ಣವೇ. 1934ರಲ್ಲಿ ಆರಂಭವಾದ ಫೆಡರಲ್ ವಸತಿ ಆಡಳಿತವು ಬ್ಯಾಂಕುಗಳ ಗೃಹಸಾಲಕ್ಕೆ ವಿಮೆ ನೀಡುತ್ತಿತ್ತು. ಅದೂ ಇಂತಹ ಪ್ರದೇಶಗಳನ್ನು ದೂರವಿಟ್ಟಿತು. ಹೀಗಾಗಿ ಒಳ್ಳೆಯ ಕೆಲಸ, ಉಳಿತಾಯ ಎರಡೂ ಇದ್ದ ಕಪ್ಪು ಕುಟುಂಬಕ್ಕೂ ಬ್ಯಾಂಕ್ ಸಾಲ ಸಿಗುವುದು ಕಷ್ಟವಾಯಿತು.

ಕರಾರಿನ ಬಲೆ

ಈ ಕೊರತೆಯನ್ನು ದಲ್ಲಾಳಿಗಳು ಬಳಸಿಕೊಂಡರು. ಕಪ್ಪು ಜನರು ಬರುತ್ತಿದ್ದಾರೆ ಎಂದು ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಮನೆ ಕೊಂಡರು. ಅದನ್ನೇ ಕಪ್ಪು ಕುಟುಂಬಗಳಿಗೆ ದುಬಾರಿ ಬೆಲೆಗೆ ಕಂತಿನ ಕರಾರಿನ ಮೇಲೆ ಮಾರಿದರು. 1961ರಲ್ಲಿ ಲಾನ್‌ಡೇಲ್‌ನ ಒಂದು ಮನೆ 27,500 ಡಾಲರಿಗೆ ಮಾರಾಟವಾಯಿತು. ಮಾರಿದವನು ಕೆಲವೇ ತಿಂಗಳ ಹಿಂದೆ ಅದನ್ನು 12,000 ಡಾಲರಿಗೆ ಕೊಂಡಿದ್ದ. ಕೊನೆಯ ಕಂತು ತೀರುವವರೆಗೆ ಹಕ್ಕುಪತ್ರ ಮಾರಿದವನ ಹೆಸರಿನಲ್ಲೇ. ರಿಪೇರಿ ಖರ್ಚು ಕೊಂಡವನದು. ಒಂದು ಕಂತು ತಪ್ಪಿದರೂ ಮನೆ, ಕಟ್ಟಿದ ಹಣ ಎರಡೂ ಹೋಗಬಹುದಿತ್ತು. ಕಂತು ತೀರಿಸಲು ಅನೇಕರು ಎರಡೆರಡು ಕೆಲಸ ಮಾಡಿದರು, ಮನೆಯ ಭಾಗಗಳನ್ನು ಬಾಡಿಗೆಗೆ ಕೊಟ್ಟರು. ಬಡಾವಣೆ ಕಿಕ್ಕಿರಿಯಿತು, ಮನೆಗಳು ಹಾಳಾದವು. ಆ ಹಾಳನ್ನು ತೋರಿಸಿ, ಕೆಂಪು ಗೆರೆ ಸರಿಯೇ ಎಂದು ಜನ ಹೇಳತೊಡಗಿದರು!

ಧರ್ಮಕೇಂದ್ರದಲ್ಲಿ ಸಭೆ

ಲಾನ್‌ಡೇಲ್‌ನ ಪ್ರೆಸೆಂಟೇಶನ್ ಧರ್ಮಕೇಂದ್ರದ ಗುರುಗಳಾಗಿದ್ದವರು ಮೊನ್ಸಿಜ್ಞೊರ್ ಜಾನ್ ಈಗನ್. ಬದಲಿ ವಸತಿಯಿಲ್ಲದೆ ಬಡವರನ್ನು ಎಬ್ಬಿಸುತ್ತದೆ ಎಂದು 1958ರಲ್ಲೇ ಹೈಡ್ ಪಾರ್ಕ್ ನಗರ ನವೀಕರಣ ಯೋಜನೆಯನ್ನು ಅವರು ಬಹಿರಂಗವಾಗಿ ವಿರೋಧಿಸಿದ್ದರು. 1960ರ ದಶಕದ ಕೊನೆಗೆ ಯೇಸುಸಭೆಯ ಗುರು ಅಭ್ಯರ್ಥಿ ಜಾಕ್ ಮ್ಯಾಕ್‌ನಮಾರ ವಿದ್ಯಾರ್ಥಿಗಳೊಂದಿಗೆ ಇಲ್ಲಿಗೆ ಬಂದು ಮನೆಮನೆಗೆ ಹೋದರು. ಭೂದಾಖಲೆಗಳನ್ನು ಹುಡುಕಿ, ದಲ್ಲಾಳಿ ಕೊಟ್ಟ ಬೆಲೆಯನ್ನೂ ಪಡೆದ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಮೋಸ ಹೋದದ್ದು ತಾವೊಬ್ಬರೇ ಎಂದು ನಾಚಿ ಸುಮ್ಮನಿದ್ದವರು ಸಭೆಯಲ್ಲಿ ಒಬ್ಬೊಬ್ಬರಾಗಿ ಬಾಯಿಬಿಟ್ಟರು. 1968ರಲ್ಲಿ ಕರಾರು ಖರೀದಿದಾರರ ಸಂಘ ಹುಟ್ಟಿತು. ಸದಸ್ಯರು ಕಂತು ಕಟ್ಟುವುದನ್ನು ನಿಲ್ಲಿಸಿ ಚಳವಳಿ ಹೂಡಿದರು. ಕೆಲವರ ಸಾಮಾನು ಬೀದಿಗೆ ಬಿತ್ತು. ಆದರೂ ನೂರಾರು ಕರಾರುಗಳು ಪರಿಷ್ಕರಣೆಗೊಂಡವು. ನ್ಯಾಯಾಲಯದಲ್ಲಿ ಮಾತ್ರ 1970ರ ದಶಕದಲ್ಲಿ ಅವರಿಗೆ ಸೋಲಾಯಿತು.

ಉಳಿದ ನಷ್ಟ

1968ರ ನ್ಯಾಯಯುತ ವಸತಿ ಕಾಯ್ದೆ ಜನಾಂಗದ ಆಧಾರದಲ್ಲಿ ಮನೆ ನಿರಾಕರಿಸುವುದನ್ನು ನಿಷೇಧಿಸಿತು. 1977ರ ಸಮುದಾಯ ಮರುಹೂಡಿಕೆ ಕಾಯ್ದೆ ಬಡ ಬಡಾವಣೆಗಳಿಗೂ ಸಾಲ ನೀಡುವಂತೆ ಬ್ಯಾಂಕುಗಳನ್ನು ಒತ್ತಾಯಿಸಿತು. ಆದರೆ ಕಳೆದುಹೋದದ್ದು ಹಿಂದೆ ಬರಲಿಲ್ಲ. ಈ ಕರಾರುಗಳಿಂದ ಚಿಕಾಗೊದ ಕಪ್ಪು ಕುಟುಂಬಗಳಿಗೆ 300ರಿಂದ 400 ಕೋಟಿ ಡಾಲರ್ ನಷ್ಟವಾಯಿತೆಂದು 2019ರ ಒಂದು ಸಂಶೋಧನೆ ಅಂದಾಜಿಸಿದೆ. ಮಕ್ಕಳ ಓದಿಗೆ, ವೃದ್ಧಾಪ್ಯಕ್ಕೆ ಒದಗಬೇಕಾಗಿದ್ದ ಹಣ ಅದು.

ಬಡ ಕುಟುಂಬಗಳ ನಡುವೆ ಕೆಲಸ ಮಾಡುವವರು ಇದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಲಾನ್‌ಡೇಲ್‌ನಲ್ಲಿ ಬದಲಾವಣೆ ಆರಂಭವಾದದ್ದು ಸಹಾಯಧನ ಹಂಚಿದ್ದರಿಂದಲ್ಲ, ಕಾಗದಪತ್ರಗಳನ್ನು ಒಟ್ಟಿಗೆ ಕುಳಿತು ಓದಿದ್ದರಿಂದ.