ನೀರಿನಲ್ಲಿ ಮುಳುಗಿದ ಮರ ಕೊಳೆಯಲೇಬೇಕೇ? 228 ವರ್ಷಗಳ ಬಳಿಕ ಸಿಕ್ಕ ಹಾಯಿಹಡಗು ಹೇಳುವುದೇನು?

ಮರ ನೀರಿಗೆ ಬಿದ್ದರೆ ಕೊಳೆಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಮಳೆಗಾಲದಲ್ಲಿ ಉಬ್ಬುವ ಬಾಗಿಲು, ಬುಡದಲ್ಲಿ ಮೆತ್ತಗಾಗುವ ಚೌಕಟ್ಟು ಇವನ್ನು ನೋಡಿದವರಿಗೆ ಹಾಗನ್ನಿಸುವುದು ಸಹಜ. ಹಾಗಾದರೆ 1780ರಲ್ಲಿ ಮುಳುಗಿದ ಮರದ ಹಡಗೊಂದು 2008ರಲ್ಲಿ ಎರಡೂ ಹಾಯಿಕಂಬಗಳ ಸಮೇತ ಸಿಕ್ಕಿದ್ದು ಹೇಗೆ?

ಯಾವುದು ಈ ಹಡಗು?

ಹೆಸರು ಎಚ್‌ಎಂಎಸ್ ಒಂಟಾರಿಯೊ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಬ್ರಿಟಿಷರು ಇದನ್ನು ಒಂಟಾರಿಯೊ ಸರೋವರಕ್ಕೆಂದೇ ಕಟ್ಟಿದರು. ಸುತ್ತ ದಟ್ಟ ಕಾಡು, ರಸ್ತೆಗಳಿಲ್ಲ. ಸೈನಿಕರನ್ನು ಮತ್ತು ದವಸಧಾನ್ಯವನ್ನು ಕೋಟೆಯಿಂದ ಕೋಟೆಗೆ ಸಾಗಿಸಲು ಸರೋವರವೇ ಹೆದ್ದಾರಿಯಾಗಿತ್ತು. ಸಮುದ್ರದಿಂದ ದೊಡ್ಡ ಹಡಗು ತರೋಣವೆಂದರೆ ಸೇಂಟ್ ಲಾರೆನ್ಸ್ ನದಿಯ ಭೋರ್ಗರೆವ ಇಳಿಜಾರುಗಳು ಅಡ್ಡಿ. ಹೀಗಾಗಿ ಕಾರ್ಲ್‌ಟನ್ ದ್ವೀಪದಲ್ಲೇ ಹಡಗು ಕಟ್ಟಿ, 1780ರ ಮೇ ತಿಂಗಳಲ್ಲಿ ನೀರಿಗಿಳಿಸಿದರು. ಉದ್ದ ಸುಮಾರು 80 ಅಡಿ, ಫಿರಂಗಿಗಳು 22.

ಆರು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 31ರಂದು ನಯಾಗರಾ ಕೋಟೆಯಿಂದ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಸೈನಿಕರು, ನಾವಿಕರು, ಹೆಂಗಸರು, ಮಕ್ಕಳು ಸೇರಿ ನೂರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಒಬ್ಬರೂ ಉಳಿಯಲಿಲ್ಲ. ಮರುವರ್ಷ ಆರು ಶವಗಳು ಮಾತ್ರ ಸಿಕ್ಕವು.

2008ರಲ್ಲಿ ಜಿಮ್ ಕೆನ್ನಾರ್ಡ್ ಮತ್ತು ಡಾನ್ ಸ್ಕೋವಿಲ್ ಎಂಬ ಶೋಧಕರು ಶಬ್ದದ ಅಲೆ ಹಾಯಿಸಿ ತಳವನ್ನು ಗುರುತಿಸುವ ಸೋನಾರ್ ಉಪಕರಣದಿಂದ ಇದನ್ನು ಪತ್ತೆಹಚ್ಚಿದರು. ದೂರದಿಂದ ನಿಯಂತ್ರಿಸುವ ಕ್ಯಾಮೆರಾ ಇಳಿಸಿದಾಗ ಕಂಡದ್ದು ಒಂದು ಬದಿಗೆ ವಾಲಿ ನಿಂತ, ಬಹುತೇಕ ಇಡಿಯಾಗಿಯೇ ಇದ್ದ ಹಡಗು. ಎರಡು ಕಿಟಕಿಗಳ ಗಾಜು ಕೂಡ ಒಡೆದಿರಲಿಲ್ಲ!

ಕೊಳೆಯಲಿಲ್ಲ ಏಕೆ?

ಉತ್ತರ ನಮ್ಮ ಹೊಲದ ಬೇಲಿಯಲ್ಲೇ ಇದೆ. ಗೂಟ ಕಿತ್ತು ನೋಡಿ. ಅದು ಹೆಚ್ಚು ಕೊಳೆತಿರುವುದು ಆಳದಲ್ಲಲ್ಲ, ನೆಲದ ಮಟ್ಟದಲ್ಲಿ. ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ನೆಲದ ಮಟ್ಟದಲ್ಲಿ ಎರಡೂ ಸಿಗುತ್ತವೆ. ಪೂರ್ತಿ ಮುಳುಗಿದ ಮರದ ರಂಧ್ರಗಳಲ್ಲೆಲ್ಲ ನೀರೇ ತುಂಬಿ, ಗಾಳಿಗೆ ಜಾಗವಿರುವುದಿಲ್ಲ. ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತವೆ, ಆದರೆ ತೀರಾ ನಿಧಾನವಾಗಿ.

ಎರಡನೆಯ ಕಾರಣ ಚಳಿ. ಸಿಹಿನೀರು ಅತಿ ಹೆಚ್ಚು ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಭಾರದ ನೀರು ತಳಕ್ಕಿಳಿಯುವುದರಿಂದ, ಮೇಲೆ ಬೇಸಿಗೆಯಿದ್ದರೂ ಆಳದಲ್ಲಿ ವರ್ಷವಿಡೀ ಫ್ರಿಜ್ಜಿನಷ್ಟೇ ತಂಪು. ಜೀವಿಗಳ ಕೆಲಸ ಇನ್ನೂ ಮಂದವಾಗುತ್ತದೆ.

ಮೂರನೆಯದು, ಇಲ್ಲಿ ಹಡಗುಹುಳು ಇಲ್ಲ. ನೋಡಲು ಹುಳುವಿನಂತಿದ್ದರೂ ಇದು ನಮ್ಮ ಕರಾವಳಿಯವರು ತಿನ್ನುವ ಮರುವಾಯಿಯ ಸಂಬಂಧಿ. ತಲೆಯ ಬಳಿಯ ಚಿಪ್ಪಿನಿಂದ ಮರವನ್ನು ಕೊರೆದು ತಿನ್ನುತ್ತದೆ. ಬದುಕಲು ಅದಕ್ಕೆ ಉಪ್ಪುನೀರು ಬೇಕು. ಸಮುದ್ರದಲ್ಲಿ ಮರದ ಹಡಗುಗಳು ಜರಡಿಯಾಗುವುದು ಇದರಿಂದಲೇ. ಉಪ್ಪು ಕಡಿಮೆಯಿರುವ ಬಾಲ್ಟಿಕ್ ಸಮುದ್ರದಲ್ಲಿ 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಹಡಗು 1961ರಲ್ಲಿ ಮೇಲೆತ್ತುವಷ್ಟು ಗಟ್ಟಿಯಾಗಿ ಉಳಿದಿದ್ದಕ್ಕೂ ಇದೇ ಮುಖ್ಯ ಕಾರಣ.

ಹಾಗಾದರೆ ಮೇಲೆತ್ತಬಾರದೇಕೆ?

ನೀರು ಕುಡಿದ ಹಳೆಯ ಮರ ಒಣಗಿದರೆ ಅದರ ಜೀವಕೋಶಗಳು ಕುಸಿದು ಹಲಗೆ ಸುರುಟಿ ಸೀಳುತ್ತದೆ. ಅದನ್ನು ತಡೆಯಲು ವಾಸಾ ಹಡಗಿಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ರಾಸಾಯನಿಕವನ್ನು 17 ವರ್ಷ ಸಿಂಪಡಿಸಬೇಕಾಯಿತು. ಅಲ್ಲದೆ ಒಂಟಾರಿಯೊ ಹಡಗು ನೂರಕ್ಕೂ ಹೆಚ್ಚು ಜನರ ಸಮಾಧಿಯೂ ಹೌದು. ಆದ್ದರಿಂದ ಶೋಧಕರು ಅದರಿಂದ ಏನನ್ನೂ ಎತ್ತಲಿಲ್ಲ, ಜಾಗವನ್ನೂ ಬಹಿರಂಗಪಡಿಸಲಿಲ್ಲ.

ಆದರೆ ಹೊಸ ಅಪಾಯವೊಂದು ಬಂದಿದೆ. ಉಕ್ರೇನ್ ಕಡೆಯ ಕ್ವಾಗಾ ಎಂಬ ಚಿಪ್ಪುಜೀವಿ, ಸರಕು ಹಡಗುಗಳು ಸಮತೋಲನಕ್ಕಾಗಿ ತುಂಬಿಕೊಳ್ಳುವ ನೀರಿನೊಂದಿಗೆ 1980ರ ದಶಕದಲ್ಲಿ ಈ ಸರೋವರಗಳನ್ನು ಸೇರಿತು. ಇದು ಮರ ತಿನ್ನುವುದಿಲ್ಲ. ಆದರೆ ಆಳದ ಚಳಿಯಲ್ಲೂ ಬದುಕಿ, ಮುಳುಗಿದ ಹಡಗುಗಳ ಮೇಲೆ ಪದರಪದರವಾಗಿ ಅಂಟಿಕೊಳ್ಳುತ್ತದೆ. ಅದರ ಭಾರಕ್ಕೆ ಹಲಗೆಗಳು ಕಳಚಬಹುದು, ಕಬ್ಬಿಣದ ಮೊಳೆಗಳು ಬೇಗ ತುಕ್ಕು ಹಿಡಿಯುತ್ತವೆ. ಎರಡು ಶತಮಾನ ನೀರು ಕಾಪಾಡಿದ ಹಡಗಿಗೆ ಈಗ ಕುತ್ತು ಬಂದಿರುವುದು ಮನುಷ್ಯರು ತಿಳಿಯದೆ ಹೊತ್ತು ತಂದ ಜೀವಿಯಿಂದ.

ಇನ್ನು ನಿಮ್ಮ ಮನೆಯ ಬಾಗಿಲಿನ ವಿಷಯ. ಒಮ್ಮೆ ನೆನೆದು ಚೆನ್ನಾಗಿ ಒಣಗಿದರೆ ಚಿಂತೆಯಿಲ್ಲ. ಸದಾ ತೇವವಾಗಿದ್ದು ಗಾಳಿಯೂ ತಗಲುವ ಬುಡದ ಭಾಗವನ್ನು ಗಮನಿಸಿ. ಕೊಳೆಯುವುದು ಅಲ್ಲಿಂದಲೇ ಶುರು.