ಹಲಗೆ ಹಿಮ್ಮೆಟ್ಟುವುದೇಕೆ?

ಬಡಗಿಯು ಹತ್ತರಿ ಹಿಡಿದು ಹಲಗೆಯನ್ನು ನಯಗೊಳಿಸುವಾಗ ಮರದ ಗಂಟು ಅಡ್ಡಬಂದರೆ ಅವನ ಕೈ ತಾನಾಗಿಯೇ ತಡೆಯುತ್ತದೆ. ಅದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡುವ ಥಿಕ್‌ನೆಸ್ ಪ್ಲೇನರಿಗೆ ಈ ವಿವೇಚನೆಯಿಲ್ಲ. ಹಲವರು ಸರದಿಯಲ್ಲಿ ಬಳಸುವ ಕಾರ್ಯಾಗಾರಗಳಲ್ಲಿ ಈ ಯಂತ್ರದ ಸ್ವಭಾವವನ್ನು ಪ್ರತಿಯೊಬ್ಬರೂ ಅರಿತಿರಬೇಕಾಗುತ್ತದೆ.

ಅದರ ರಚನೆ ಸರಳ. ಕೆಳಗೆ ಸಮತಟ್ಟಾದ ಮೇಜು. ಮೇಲೆ ಅಲಗುಗಳನ್ನು ಹೊತ್ತು ತಿರುಗುವ ಉರುಳೆ. ಅದರ ಎರಡು ಪಕ್ಕದಲ್ಲಿಯೂ ಹಲಗೆಯನ್ನು ಅದುಮಿ ಮುಂದಕ್ಕೆ ಸಾಗಿಸುವ ಒಂದೊಂದು ರೋಲರು. ವಿಶೇಷವೇನೆಂದರೆ, ರೋಲರುಗಳು ಹಲಗೆಯನ್ನು ಮುಂದಕ್ಕೆ ಒಯ್ಯುತ್ತಿರುವಾಗಲೇ ಅಲಗುಗಳು ಅದನ್ನು ಹಿಂದಕ್ಕೆ, ಎಂದರೆ ಹಲಗೆಯನ್ನು ಒಳಗೆ ಕೊಟ್ಟವನ ಕಡೆಗೇ, ತಳ್ಳುತ್ತಿರುತ್ತವೆ.

ಸ್ವಲ್ಪ ಲೆಕ್ಕ ಹಾಕೋಣ. ಉರುಳೆಯ ವ್ಯಾಸ 50 ಮಿಲಿಮೀಟರು, ಅಲಗುಗಳು ಎರಡು, ವೇಗ ನಿಮಿಷಕ್ಕೆ 8000 ಸುತ್ತು, ಹಲಗೆಯ ನಡೆ ನಿಮಿಷಕ್ಕೆ 8 ಮೀಟರು ಎಂದಿಟ್ಟುಕೊಳ್ಳೋಣ. ಚಿಕ್ಕ ಯಂತ್ರಗಳಲ್ಲಿ ಇಂತಹ ಅಳತೆಗಳು ಅಪರೂಪವಲ್ಲ. ಅಲಗಿನ ಅಂಚು ಸೆಕೆಂಡಿಗೆ ಸುಮಾರು 21 ಮೀಟರು ಚಲಿಸುತ್ತದೆ; ಹಲಗೆಯಾದರೋ 13 ಸೆಂಟಿಮೀಟರು ಮಾತ್ರ. ರೋಲರಿನ ಹಿಡಿತ ತಪ್ಪಿ, ಅಲಗಿನ ಅರ್ಧ ವೇಗದಿಂದ ಹಲಗೆ ಹಿಂದಕ್ಕೆ ಚಿಮ್ಮಿದರೂ 2 ಮೀಟರು ದಾಟಲು ಅದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗ ಸಾಕು. ಕಣ್ಣು ಕಂಡು ದೇಹ ಸರಿಯಲು ತೊಡಗುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯುತ್ತದೆ! ಆದುದರಿಂದ ಚುರುಕುತನವನ್ನು ನೆಚ್ಚಲಾಗದು; ಹಲಗೆಯ ನೇರದಲ್ಲಿ ನಿಲ್ಲದೆ ಮೊದಲಿನಿಂದಲೇ ಪಕ್ಕದಲ್ಲಿ ನಿಲ್ಲಬೇಕು. ಬಗ್ಗಿ ಒಳಗೆ ಇಣುಕುವುದಂತೂ ಕೂಡದು. ಕುಳ್ಳ ತುಂಡುಗಳೂ ಅಪಾಯಕರ: ರೋಲರುಗಳ ನಡುವಣ ಅಂತರಕ್ಕಿಂತ ಗಿಡ್ಡವಾದ ತುಂಡು ಒಂದು ಗಳಿಗೆ ಯಾವ ರೋಲರಿನ ಹಿಡಿತದಲ್ಲಿಯೂ ಇರುವುದಿಲ್ಲ. ಕೈಪಿಡಿಯಲ್ಲಿ ಕನಿಷ್ಠ ಉದ್ದವನ್ನು ನಮೂದಿಸುವುದು ಇದಕ್ಕಾಗಿಯೇ.

ಹಲವರ ಯಂತ್ರವೆಂದಮೇಲೆ ಇನ್ನೊಂದು ತೊಡಕು. ಹಿಂದಿನವನು 20 ಮಿಲಿಮೀಟರಿಗೆ ಹೊಂದಿಸಿ ಹೋದಲ್ಲಿಗೆ ನಾವು 26 ಮಿಲಿಮೀಟರಿನ ಹಲಗೆಯನ್ನು ನೂಕಿದರೆ ಒಂದೇ ಸಲಕ್ಕೆ 6 ಮಿಲಿಮೀಟರು ಕೆತ್ತುವಂತೆ ಕೇಳಿದಂತಾಯಿತು. ಹಲಗೆಯ ಅತಿ ದಪ್ಪನೆಯ ಭಾಗವನ್ನು ಅಳೆದು, ಒಂದು ಸಲಕ್ಕೆ ಸುಮಾರು 1 ಮಿಲಿಮೀಟರು ಮಾತ್ರ ತೆಗೆಯುವುದು ಲೇಸು. ಹಳೆಯ ಬಾಗಿಲು ತೊಲೆಗಳ ಮರದಲ್ಲಿ ಮೊಳೆಗಳು ಹುದುಗಿರುವುದುಂಟು. ಅಲಗಿಗೆ ತಾಗಿದ ಮೊಳೆಯ ಚೂರು ಸಿಡಿಯಬಹುದು. ಮುಕ್ಕಾದ ಅಲಗು ಅನಂತರ ಬರುವವರೆಲ್ಲರ ಹಲಗೆಗಳ ಮೇಲೂ ಗೆರೆ ಮೂಡಿಸುತ್ತದೆ. ಅಯಸ್ಕಾಂತವನ್ನು ಮರದ ಮೇಲೆ ಆಡಿಸಿದರೆ ಉಕ್ಕಿನ ಮೊಳೆ ಸಿಕ್ಕೀತು. ಹಿತ್ತಾಳೆಯ ಮೊಳೆ ಸಿಕ್ಕದು; ಅದನ್ನು ಕಣ್ಣಿನಿಂದಲೇ ಹುಡುಕಬೇಕು.

ಸ್ವಿಚ್ಚು ಆರಿಸಿದರೂ ಉರುಳೆ ಜಡತ್ವದಿಂದ ಕೆಲಕಾಲ ತಿರುಗುತ್ತಲೇ ಇರುತ್ತದೆ. ಸಿಕ್ಕಿಕೊಂಡ ಹೊಟ್ಟನ್ನು ತೆಗೆಯುವ ಮೊದಲು ಅದು ಪೂರ್ತಿ ನಿಲ್ಲಬೇಕು, ಪ್ಲಗ್ಗನ್ನೂ ಕಿತ್ತಿಡಬೇಕು. ಕಾರ್ಯಾಗಾರದಲ್ಲಿ ಸ್ವಿಚ್ಚಿಗೆ ಕೈಯಿಡುವವರು ನಾವೊಬ್ಬರೇ ಅಲ್ಲವಷ್ಟೆ. ಕೈಗವಸು, ಸಡಿಲ ತೋಳು, ಇಳಿಬಿದ್ದ ದುಪಟ್ಟಾ, ಇವೆಲ್ಲ ರೋಲರಿಗೆ ಸಿಗುವಂಥವು. ಯಂತ್ರದ ಮೊರೆತದಲ್ಲಿ ಕೂಗು ಕೇಳಿಸದು. ಕಿವಿಗೆ ಮುಚ್ಚಿಗೆ ಹಾಕಿಕೊಂಡವನಿಗಂತೂ ಏನೂ ಕೇಳಿಸದು. ಹಾಗೆಂದು ಹಿಂದಿನಿಂದ ಬಂದು ಅವನ ಹೆಗಲು ತಟ್ಟಬಾರದು. ಹಲಗೆ ಪೂರ್ತಿ ಹೊರಬರುವ ತನಕ ಅವನ ಕಣ್ಣಿಗೆ ಬೀಳುವಲ್ಲಿ, ಪಕ್ಕದಲ್ಲಿ, ಕಾದು ನಿಲ್ಲಬೇಕು.